ಮಿಲ್ಲಿನ ಕೂಗು ನಿಂತ ಮೇಲೆ

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಗಡಿಯಾರ ನೋಡುವವರು ಕಮ್ಮಿ. ಹೊತ್ತು ಹೇಳಲಿಕ್ಕೆ ಮಿಲ್ಲು ಇತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಕೊನೆಯ ವರ್ಷಗಳವು. ಮೊದಲ ಕೂಗಿಗೆ ಅವ್ವ ಎದ್ದು ಒಲೆ ಮೇಲೆ ಹೆಂಚು ಇಡುತ್ತಿದ್ದಳು. ಎರಡನೇ ಕೂಗಿಗೆ ಅಪ್ಪ ಬುತ್ತಿಯನ್ನು ಸೈಕಲ್ ಹ್ಯಾಂಡಲ್‌ಗೆ ಸಿಗಿಸಿಕೊಂಡು ಓಣಿ ದಾಟಿರುತ್ತಿದ್ದರು. ಮಧ್ಯಾಹ್ನದ ಕೂಗು ಕೇಳಿದರೆ ಶಾಲೆಯಲ್ಲಿ ನಾವು ಡಬ್ಬಿಗೆ ಕೈ ಹಾಕುತ್ತಿದ್ದೆವು, ಊಟದ ಗಂಟೆ ಆಮೇಲೆ ಹೊಡೆಯುತ್ತಿತ್ತು.

ಅಪ್ಪ ಒಂದು ಪಾಳಿಗೂ ತಡವಾಗಿ ಹೋದವರಲ್ಲ. ಸ್ಪಿನ್ನಿಂಗ್ ಖಾತೆಯಲ್ಲಿ ಅವರ ಕೈ ಬಹಳ ಚುರುಕು ಅಂತ ಹೆಸರಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮಿಲ್ಲು ಮುಚ್ಚಿತು. ಕೂಗೂ ನಿಂತಿತು. ಆಮೇಲೆ ಅಪ್ಪ ಸೈಕಲ್ ಶಾಪ್ ಇಟ್ಟರು, ಮಂಡಕ್ಕಿ ವ್ಯಾಪಾರ ಮಾಡಿದರು, ಬಟ್ಟೆ ಗಂಟು ಹೊತ್ತು ಸಂತೆ ಸಂತೆ ತಿರುಗಿದರು. ಯಾವುದೂ ವರ್ಷ ತುಂಬಲಿಲ್ಲ. ಶುರು ಮಾಡುವಾಗ ಮನೆಯಲ್ಲಿ ಹಬ್ಬದ ಕಳೆ, ಮೂರು ತಿಂಗಳಾದ ಮೇಲೆ ಉದ್ರಿ ಲೆಕ್ಕದ ಪುಸ್ತಕ ಎಲ್ಲಿಟ್ಟರೋ ಅವರಿಗೇ ಗೊತ್ತಿರುತ್ತಿರಲಿಲ್ಲ. "ಹಿಡಿದ ಕೆಲಸ ಮುಗಿಸೋ ಜಾಯಮಾನ ಅಲ್ಲ ಬಿಡು" ಅಂದರು ನೆಂಟರು. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಕೊನೆಯವರೆಗೂ ಅವರು ಆ ಮಾತನ್ನು ನಂಬಿಕೊಂಡೇ ಇದ್ದರು.

ಹೋದ ವರ್ಷ, ಮೂವತ್ತೆಂಟನೇ ವಯಸ್ಸಿನಲ್ಲಿ, ನನಗೆ ಎಡಿಎಚ್‌ಡಿ ಇದೆ ಅಂತ ಡಾಕ್ಟರು ಹೇಳಿದರು. ಗಮನ ಬೇಕಾದ ಕಡೆ ನಿಲ್ಲದ, ಕೆಲವರಲ್ಲಿ ಚಡಪಡಿಕೆ, ದುಡುಕೂ ಇರುವ, ಚಿಕ್ಕಂದಿನಿಂದಲೇ ಶುರುವಾಗುವ ತೊಂದರೆ ಅದು. ಆ ಕುರ್ಚಿಯಲ್ಲಿ ಕೂತಾಗ ನನಗೆ ಮೊದಲು ನೆನಪಾಗಿದ್ದು ಈ ಮಿಲ್ಲಿನ ಕೂಗು.

ನನ್ನ ಕೆಲಸ ಜಿಎಸ್‌ಟಿ ಫೈಲಿಂಗ್. ಮಂಡಿಪೇಟೆಯ ಕಿರಾಣಿ, ಕಾಳು-ಕಡಿ ವ್ಯಾಪಾರಿಗಳು, ಒಂದಿಷ್ಟು ಹಾರ್ಡ್‌ವೇರ್ ಅಂಗಡಿಯವರು, ಎಲ್ಲ ಸೇರಿ ಅರವತ್ತು ಚಿಲ್ಲರೆ ಪಾರ್ಟಿಗಳು ಇದ್ದಾರೆ. ಮಾರಾಟದ ವಿವರ ತಿಂಗಳ 11ನೇ ತಾರೀಖಿನೊಳಗೆ ಹೋಗಬೇಕು, ತೆರಿಗೆಯ ರಿಟರ್ನ್ 20ರೊಳಗೆ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ವ್ಯವಹಾರವೇ ಇಲ್ಲದ ತಿಂಗಳಾದರೆ 20. ಹನ್ನೆರಡು ವರ್ಷದಿಂದ ಈ ತೆರಿಗೆ ಕೆಲಸದಲ್ಲಿದ್ದೇನೆ. ಒಂದೇ ಒಂದು ಪಾರ್ಟಿಯ ತಾರೀಖು ನನ್ನಿಂದ ತಪ್ಪಿಲ್ಲ. ಅದೇ ನಾನು ನಮ್ಮ ಮನೆಯ ಕರೆಂಟ್ ಬಿಲ್ ಕಟ್ಟೋದು ಮರೆತು ಎರಡು ಸಲ ಫ್ಯೂಸ್ ತೆಗೆಸಿಕೊಂಡಿದ್ದೇನೆ. ಸ್ಕೂಟಿಯ ಇನ್ಶೂರೆನ್ಸ್ ಮುಗಿದು ಎಂಟು ತಿಂಗಳಾಗಿದ್ದು ಗಾಡಿ ಗುದ್ದಿದ ದಿನವೇ ಗೊತ್ತಾಗಿದ್ದು. ಇದು ಹೇಗೆ ಸಾಧ್ಯ ಅಂತ ಯಜಮಾನರು ಕೇಳುತ್ತಿದ್ದರು. ಬೇರೆಯವರ ಕೆಲಸ ಅಷ್ಟು ಚೆನ್ನಾಗಿ ಮಾಡ್ತೀಯ, ಮನೆದು ಅಂದ್ರೆ ಯಾಕೆ ಇಷ್ಟು ಸಸಾರ? ಸಸಾರ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಆದರೆ ನನ್ನ ಹತ್ತಿರ ಬೇರೆ ಉತ್ತರವೂ ಇರಲಿಲ್ಲ.

ಡಾಕ್ಟರ ಹತ್ತಿರ ಹೋಗುವ ಹಾಗೆ ಮಾಡಿದ್ದು ಮಗಳ ನವೋದಯದ ಅರ್ಜಿ. ಐದನೇ ಕ್ಲಾಸಿನಲ್ಲಿ ಓದುವಾಗ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗೆ ಹಾಕಬೇಕು. ಒಬ್ಬ ಮಗುವಿಗೆ ಒಂದೇ ಅವಕಾಶ. ಅವಳು ಬೇಸಿಗೆಯಿಂದಲೇ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂತಿದ್ದಳು. ಫೋಟೋ ತೆಗೆಸಿದ್ದೆ. ಹೆಡ್‌ಮಾಸ್ತರರ ಸಹಿ ಹಾಕಿಸಿದ್ದೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟಿದ್ದೆ. ಅಪ್‌ಲೋಡ್ ಮಾಡೋದೊಂದು ಬಾಕಿ, ಹತ್ತು ನಿಮಿಷದ ಕೆಲಸ, ರಾತ್ರಿ ಮಾಡಿದರಾಯಿತು ಅಂದುಕೊಂಡೆ, ಪ್ರತಿ ರಾತ್ರಿಯೂ ಹಾಗೇ ಅಂದುಕೊಂಡೆ. ಕೊನೆಯ ದಿನ ದಾಟಿ ನಾಲ್ಕು ದಿನಕ್ಕೆ ನೆನಪಾಯಿತು. ದಿನಕ್ಕೆ ಹತ್ತು ಜನರ ಫಾರ್ಮು ಅದೇ ಕಂಪ್ಯೂಟರಿನಲ್ಲಿ ತುಂಬುವವಳು ನಾನು. ಮಗಳು "ಬಿಡಮ್ಮ, ಪರವಾಗಿಲ್ಲ" ಅಂದಳು. ಆ ಪ್ರಶ್ನೆಪತ್ರಿಕೆಗಳನ್ನೆಲ್ಲ ಓರಣವಾಗಿ ಜೋಡಿಸಿ, ದಾರ ಕಟ್ಟಿ, ಅಟ್ಟದ ಮೇಲೆ ಇಟ್ಟಳು. ನಾನು ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದೆ.

ಅದಕ್ಕೂ ನಾಲ್ಕು ವರ್ಷ ಮೊದಲು ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಟೆನ್ಷನ್ ಜಾಸ್ತಿ ಅಂತ ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು, ಐದು ನಿಮಿಷದಲ್ಲಿ ಮುಗಿದಿತ್ತು. ಈ ಸಲ ಹೋಗಿದ್ದು ಮನೋವೈದ್ಯರ ಹತ್ತಿರ. ಅವರು ಎರಡು ಸಲ ಕರೆಸಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಬಿಪಿ ನೋಡಿದರು, ನಿದ್ದೆ ಹೇಗಿದೆ, ಖಿನ್ನತೆ ಇದೆಯಾ ಅಂತ ವಿಚಾರಿಸಿದರು, ಯಾಕಂದರೆ ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ವಯಸ್ಕರಿಗಾಗಿ ಮಾಡಿದ 18 ಪ್ರಶ್ನೆಗಳ ಒಂದು ಹಾಳೆ ತುಂಬಿಸಿದರು. ಆಮೇಲೆ ಹಳೇ ಮಾರ್ಕ್ಸ್ ಕಾರ್ಡ್ ಇದ್ದರೆ ತನ್ನಿ, ನಿಮ್ಮನ್ನು ಚಿಕ್ಕಂದಿನಿಂದ ನೋಡಿದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಅಂದರು.

ಅವ್ವ ಬಂದಳು. ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕೂತು, ಏನೋ ಸಾಕ್ಷಿ ಹೇಳಲು ಬಂದವಳ ಹಾಗೆ ಹೆದರಿಕೊಂಡಿದ್ದಳು. "ಕೊತ್ತಂಬ್ರಿ ತಗಂಬಾ ಅಂತ ಕಳಿಸಿದ್ರೆ ಬರಿಗೈಲಿ ಬರೋಳು ಸಾರ್. ಎಲ್ಲಿಗೆ ಹೋಗಿದ್ದೆ ಅಂದ್ರೆ ಮಂಡಕ್ಕಿ ಭಟ್ಟಿ ನೋಡ್ಕಂತ ನಿಂತಿದ್ದೆ ಅನ್ನೋಳು. ಬೈದು ಬೈದು ಸಾಕಾಗಿತ್ತು ನಂಗೆ." ಇಷ್ಟು ಹೇಳಿ ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಬೈಬಾರದಿತ್ತಾ ಸಾರ್?" ಅಂತ ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, ನಿಮಗೆ ಗೊತ್ತಿರಲಿಲ್ಲ ಅಲ್ವಾ ಅಮ್ಮ ಅಂದರು.

ಮಂಡಕ್ಕಿ ಭಟ್ಟಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಪಟ ಅಂತ ಅರಳಿ ಬೆಳ್ಳಗೆ ಉಬ್ಬಿ ಬರೋದು, ಜರಡಿಯಲ್ಲಿ ಮರಳು ಜಾರಿ ಕೆಳಗೆ ಹೋಗೋದು, ಆ ಬಿಸಿ ವಾಸನೆ. ಗಂಟೆಗಟ್ಟಲೆ ನೋಡುತ್ತಿದ್ದೆ. ಅಂದರೆ ನನಗೆ ಗಮನ ಇರಲಿಲ್ಲ ಅಂತ ಹೇಳೋದು ಸರಿಯಲ್ಲ. ಕಾಯಿಲೆಯ ಹೆಸರಿನಲ್ಲಿ ಗಮನದ ಕೊರತೆ ಅಂತ ಇದೆ, ಆದರೆ ಗಮನ ಬೇಕಾದಷ್ಟು ಇರುತ್ತೆ, ಅದನ್ನು ಬೇಕಾದ ಕಡೆ ತಿರುಗಿಸುವ ಹಿಡಿ ಮಾತ್ರ ಕೈಗೆ ಸರಿಯಾಗಿ ಸಿಗೋದಿಲ್ಲ. ಮುಂದೆ ಯಾವತ್ತೋ ಸಿಗುವ ಲಾಭಕ್ಕಾಗಿ ಇವತ್ತು ಬೇಜಾರಿನ ಕೆಲಸ ಶುರು ಮಾಡೋದು ಇಂಥ ಮಿದುಳಿಗೆ ಎಲ್ಲಕ್ಕಿಂತ ಕಷ್ಟ. 20ನೇ ತಾರೀಖು ಕಣ್ಣ ಮುಂದೆ ಇರುತ್ತೆ, ದಂಡ ಇರುತ್ತೆ, ಸೇಠರ ಫೋನು ಬರುತ್ತೆ. ಮಗಳ ಅರ್ಜಿಗೆ ಯಾರೂ ಫೋನ್ ಮಾಡಲಿಲ್ಲ. ಯಜಮಾನರ ಪ್ರಶ್ನೆಗೆ ಉತ್ತರ ಇದೇ ಆಗಿತ್ತು, ನನಗೆ ಅದು ಸಿಕ್ಕಿದ್ದು ಹದಿನಾಲ್ಕು ವರ್ಷ ತಡವಾಗಿ.

ಇದು ಎಲ್ಲರಿಗೂ ಇರುತ್ತೆ ಅನ್ನುವವರು ತುಂಬಾ ಜನ. ಹೌದು, ಮರೆವು ಎಲ್ಲರಿಗೂ ಇರುತ್ತೆ. ಡಾಕ್ಟರುಗಳು ಬಳಸುವ ಅಳತೆ ಅಷ್ಟು ಸಡಿಲ ಅಲ್ಲ. 2013ರಲ್ಲಿ ಬಂದ, ಮನಸ್ಸಿನ ಕಾಯಿಲೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಡಿಎಸ್ಎಂ-5 ಅನ್ನೋ ಕೈಪಿಡಿಯ ಪ್ರಕಾರ ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣ ಇವೆ. ದೊಡ್ಡವರಿಗೆ ಇವೆರಡರಲ್ಲಿ ಯಾವುದಾದರೂ ಒಂದು ಪಟ್ಟಿಯಲ್ಲಿ ಕನಿಷ್ಠ 5 ಲಕ್ಷಣ ಇರಬೇಕು. ಅವುಗಳಲ್ಲಿ ಕೆಲವಾದರೂ 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಮನೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಬದುಕಿಗೆ ಅಡ್ಡಿ ಆಗುತ್ತಿರಬೇಕು. ಮಾರ್ಕ್ಸ್ ಕಾರ್ಡು, ಅವ್ವ, ಎಲ್ಲ ಬೇಕಾಗಿದ್ದು ಅದಕ್ಕೇ. ಹುಡುಗಿಯರಲ್ಲಿ ಇದು ಕಣ್ಣಿಗೆ ಬೀಳದೇ ಹೋಗೋದು ಜಾಸ್ತಿ. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರಿಗೂ ಕಾಣುತ್ತಾನೆ, ಕಿಟಕಿ ಹೊರಗೆ ನೋಡುತ್ತಾ ಸುಮ್ನೆ ಕೂತ ಹುಡುಗಿ ಯಾರಿಗೂ ತೊಂದರೆ ಕೊಡಲ್ಲ.

ನನ್ನ ತಮ್ಮ ಮಾತ್ರ ಒಪ್ಪಲಿಲ್ಲ. ಎಲ್ಲ ಮೊಬೈಲಿನಿಂದ ಬಂದಿದ್ದು ಅಕ್ಕಾ, ನಮ್ಮ ಕಾಲದಲ್ಲಿ ಎಲ್ಲಿತ್ತು ಇದೆಲ್ಲ ಅಂದ. ಮೊಬೈಲ್ ನಮ್ಮ ಗಮನ ಕೆಡಿಸುತ್ತೆ ಅನ್ನೋದು ನಿಜ, ನನ್ನದನ್ನಂತೂ ಕೆಡಿಸುತ್ತೆ. ಆದರೆ ಲಂಡನ್ನಿನ ಮಕ್ಕಳ ಡಾಕ್ಟರು ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅದಕ್ಕೂ ನೂರು ವರ್ಷ ಹಿಂದೆ, 1798ರಲ್ಲಿ, ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರಿಕ್ಟನ್ ಅನ್ನುವ ವೈದ್ಯರು ಒಂದು ಕಡೆ ಮನಸ್ಸು ನಿಲ್ಲದವರ ಬಗ್ಗೆ ಬರೆದಿದ್ದರು. ದೊಡ್ಡವರಲ್ಲಿ ಶೇ. 2.5ರಷ್ಟು ಜನರಿಗೆ ಇದು ಇದೆ ಅನ್ನುವುದು ಹಲವು ದೇಶಗಳ ಅಧ್ಯಯನ ಸೇರಿಸಿ ಮಾಡಿದ ಅಂದಾಜು. 2011ರ ಜನಗಣತಿಯಲ್ಲೇ ನಮ್ಮ ಊರಿನ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು, ಲೆಕ್ಕ ಹಾಕಿ. ಈ ಊರಲ್ಲೇ ಸಾವಿರಾರು ಜನ ನನ್ನ ಹಾಗೆ ಪ್ರತಿ ರಾತ್ರಿ "ನಾಳೆಯಿಂದ ಸರಿ ಹೋಗ್ತೀನಿ" ಅಂತ ಮಲಗುತ್ತಿದ್ದಾರೆ.

ಮತ್ತೆ ಇದು ವಂಶದಲ್ಲಿ ಬರುವಂಥದ್ದು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಹೆಚ್ಚು ಕಮ್ಮಿ ಎತ್ತರ ಬಂದ ಹಾಗೆ ಬರುತ್ತೆ. ಡಾಕ್ಟರು ಇದನ್ನು ಹೇಳಿದಾಗ ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಅಪ್ಪನ ಹೆಸರು ಎತ್ತಲಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಅವ್ವ ಅತ್ತಳು. ತೀರಿಹೋದವರಿಗೆ ನಾನು ಕಾಯಿಲೆಯ ಹೆಸರು ಹಚ್ಚಲಾರೆ. ಆದರೆ ಮಿಲ್ಲು ಇದ್ದಾಗಲೂ ಮುಚ್ಚಿದ ಮೇಲೂ ಅವರು ಅದೇ ಮನುಷ್ಯ ಆಗಿದ್ದರು. ಕೂಗು ಇತ್ತು, ಪಾಳಿ ಇತ್ತು, ಪಕ್ಕದಲ್ಲಿ ಜೊತೆಗಾರರಿದ್ದರು, ಕೈ ಕೆಳಗೆ ನೂಲು ಓಡುತ್ತಿತ್ತು, ತುಂಡಾದರೆ ಆ ಕ್ಷಣವೇ ಕಾಣುತ್ತಿತ್ತು, ಆ ಕ್ಷಣವೇ ಗಂಟು ಹಾಕಬೇಕಿತ್ತು. ಇಷ್ಟೂ ಒಂದೇ ದಿನ ಹೋಯಿತು. ಉಳಿದಿದ್ದಕ್ಕೆ ಜನ ಅಪ್ಪನ ಸ್ವಭಾವ ಅಂತ ಹೆಸರಿಟ್ಟರು.

ಆಟೋದಲ್ಲೇ ನನಗೆ ಹೊಳೆದಿದ್ದು ಇಷ್ಟು: ನನಗೂ ಒಂದು ಮಿಲ್ಲು ಬೇಕು. ಮನಸ್ಸು ಗಟ್ಟಿ ಮಾಡಿಕೊಳ್ಳೋದನ್ನು ಮೂವತ್ತು ವರ್ಷ ಮಾಡಿ ನೋಡಿದ್ದೇನೆ. ಇನ್ನು ಮೇಲೆ ತಲೆಯೊಳಗೆ ಇಟ್ಟುಕೊಳ್ಳೋದನ್ನೆಲ್ಲ ತಲೆಯ ಹೊರಗೆ, ಕಣ್ಣಿಗೆ ಕಾಣುವ ಹಾಗೆ, ಕಿವಿಗೆ ಬೀಳುವ ಹಾಗೆ ಇಡಬೇಕು.

ಮೊದಲು ಮಾಡಿದ್ದು ಅಡುಗೆಮನೆಯ ಕಪಾಟಿನ ಬಾಗಿಲು ಕಳಚಿಸಿದ್ದು. ಬಡಗಿ, ಚೆನ್ನಾಗಿದಾವಲ್ಲ ಅಕ್ಕಾ ಬಾಗಿಲು, ಯಾಕೆ ತೆಗಿಸ್ತೀರಾ ಅಂತ ಮೂರು ಸಲ ಕೇಳಿದ. ಕಣ್ಣಿಗೆ ಕಾಣದ ಸಾಮಾನು ನನ್ನ ಪಾಲಿಗೆ ಇಲ್ಲ. ಒಂದೇ ತಿಂಗಳಲ್ಲಿ ಮೂರು ಸಲ ಸಾಸಿವೆ ತಂದು, ಮೂರು ಪ್ಯಾಕೆಟ್ ಒಂದರ ಹಿಂದೊಂದು ಕೂತಿದ್ದು ಗೊತ್ತೇ ಆಗುತ್ತಿರಲಿಲ್ಲ. ಈಗ ಎಲ್ಲ ಗಾಜಿನ ಬಾಟಲಿಯಲ್ಲಿ, ಎದುರಿಗೆ. ನೋಡಲಿಕ್ಕೆ ಅಂಗಡಿಯ ಹಾಗೆ ಕಾಣುತ್ತೆ, ನನಗೆ ಬಹಳ ಇಷ್ಟ.

ಹಾಲು ಉಕ್ಕಿಸೋದು ನಮ್ಮ ಮನೆಯ ದೊಡ್ಡ ಜಗಳ ಆಗಿತ್ತು. ಒಲೆ ಮುಂದೆ ನಿಂತವಳು ಎರಡು ಹೆಜ್ಜೆ ಆಚೆ ಹೋದರೆ ಮುಗಿಯಿತು, ಒಲೆ ಇದೆ ಅನ್ನೋದೇ ಅಳಿಸಿಹೋಗುತ್ತೆ. ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಬರುತ್ತಲ್ಲ, ಎರಡು ಪದರದ್ದು, ಮಧ್ಯದಲ್ಲಿ ನೀರು ಹಾಕುವಂಥದ್ದು, ಅದನ್ನು ತಂದೆ. ನೀರು ಕಾದು ಆವಿ ಬಂದರೆ ಸಣ್ಣಗೆ ಶುರುವಾಗಿ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತೆ. ಮೊದಲ ದಿನ ಅದು ಕೂಗಿದಾಗ ಅವ್ವ ನಮ್ಮ ಮನೆಯಲ್ಲೇ ಇದ್ದಳು. "ನಿಮ್ಮಪ್ಪನ ಮಿಲ್ಲು ನೋಡು" ಅಂದಳು.

ಹೊತ್ತಿನ ವಿಚಾರಕ್ಕೆ ಬಂದರೆ, ನನಗೆ ಹತ್ತು ನಿಮಿಷ ಅಂದರೆ ಎಷ್ಟು ಅನ್ನೋದು ಒಳಗಿನಿಂದ ತಿಳಿಯೋದಿಲ್ಲ. ಮನೆಯಿಂದ ಮಂಡಿಪೇಟೆಗೆ ಹತ್ತು ನಿಮಿಷ ಅಂತ ವರ್ಷಗಟ್ಟಲೆ ನಂಬಿದ್ದೆ. ಒಂದು ವಾರ ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ಬರೆದಿಟ್ಟೆ. ಕೀ ಹುಡುಕೋದು, ಹೆಲ್ಮೆಟ್, ವಾಪಸ್ ಹೋಗಿ ಗ್ಯಾಸ್ ಆಫ್ ಆಗಿದೆಯಾ ನೋಡೋದು, ಗೇಟು ಬಿದ್ದಿದ್ದರೆ ರೈಲು ಹೋಗುವವರೆಗೆ ಕಾಯೋದು, ಎಲ್ಲ ಸೇರಿ 27 ನಿಮಿಷ. ಆ ಸಂಖ್ಯೆಯನ್ನು ಬಾಗಿಲ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಕೀಗೆ ಅದೇ ಬಾಗಿಲ ಪಕ್ಕ ಒಂದು ಮೊಳೆ. ಬಿಲ್ಲುಗಳೆಲ್ಲ ಆಟೋ ಪೇ. ಫೋನಿನಲ್ಲಿ ಅಲಾರಾಂಗಳಿವೆ, ಆದರೆ ಒಂದು ಮಾತು: ಯಾವ ಅಲಾರಾಂ ಆದರೂ ಮೂರ್ನಾಲ್ಕು ವಾರಕ್ಕೆ ಕಿವಿಗೆ ರೂಢಿಯಾಗಿ ಕೇಳಿಸೋದೇ ನಿಲ್ಲುತ್ತೆ. ಆಗ ಸದ್ದು ಬದಲಿಸಬೇಕು. ಮೊದಲೆಲ್ಲ ಒಂದು ಉಪಾಯ ಸೋತರೆ ನಾನೇ ಸೋತೆ ಅಂತ ಕೂರುತ್ತಿದ್ದೆ. ಈಗ ಅದು ಹಳೇದಾಯಿತು ಅಂತ ಇನ್ನೊಂದು ಹುಡುಕುತ್ತೇನೆ, ಅಷ್ಟೇ. ಹಳೇ ಡೈರಿಗಳು ಹದಿನೈದು ಇವೆ ಮನೆಯಲ್ಲಿ, ಒಂದೊಂದರಲ್ಲೂ ಹತ್ತು ಪುಟ ಬರೆದಿದ್ದೇನೆ. ಆ ಹತ್ತು ಪುಟ ಆ ಹತ್ತು ದಿನ ಕೆಲಸ ಮಾಡಿದ್ದವು ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೈ ಹಿಡಿದಿದ್ದು ನಮ್ಮ ಅತ್ತೆ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಇಂಥವರಿಗೆ ಕೆಲಸ ಸಾಗುತ್ತೆ ಅಂತ ಡಾಕ್ಟರು ಹೇಳಿದ್ದರು. ಅವರು ಸಹಾಯ ಮಾಡಬೇಕಿಲ್ಲ, ಮಾತಾಡಲೂಬೇಕಿಲ್ಲ. ನಾನು ಅದನ್ನು ಮನೆಯಲ್ಲಿ ಹೇಳಿದೆ, ಯಾರನ್ನೂ ಕೇಳಲಿಲ್ಲ. ಮಾರನೇ ದಿನ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತಾಗ ಅತ್ತೆ ಮೊರ ಹಿಡಿದು ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಮೊರದಲ್ಲಿ ಜೋಳ. "ನೀ ಮಾಡ್ಕ ತಾಯಿ, ನಾ ಇಲ್ಲೇ ಕುಂತಿರ್ತೀನಿ" ಅಂದರು. ಕೇರುವ ಸದ್ದು ಒಂದೇ ಸಮ ಬರುತ್ತಿತ್ತು. ನಡುವೆ ನಿಲ್ಲಿಸಿ ಕಲ್ಲು ಆರಿಸಿ ಪಕ್ಕಕ್ಕೆ ಇಡುವರು, ಮತ್ತೆ ಕೇರುವರು. ನನ್ನ ಕೈ ಫೋನಿನ ಕಡೆ ಹೋದರೆ ಅವರು ಏನೂ ಅನ್ನೋದಿಲ್ಲ, ತಲೆ ಎತ್ತಿ ಒಮ್ಮೆ ನೋಡುತ್ತಾರೆ ಅಷ್ಟೇ. ಆ ದಿನ ಎರಡು ಗಂಟೆಯಲ್ಲಿ, ಎರಡು ವರ್ಷದಿಂದ ಮುಂದಕ್ಕೆ ಹೋಗುತ್ತಿದ್ದ ಅಪ್ಪನ ಪಿಎಫ್ ಕಾಗದಗಳನ್ನು ಜೋಡಿಸಿ ಮುಗಿಸಿದೆ. ಅತ್ತೆ ಓದಿದ್ದು ಮೂರನೇ ಕ್ಲಾಸು. ಎಡಿಎಚ್‌ಡಿ ಅನ್ನೋ ಪದ ಅವರ ಬಾಯಲ್ಲಿ ತಿರುಗೋದಿಲ್ಲ. "ಅದೇನೋ ನಿಂದು" ಅನ್ನುತ್ತಾರೆ.

ಮಾತ್ರೆಯ ಬಗ್ಗೆ ಹೆದರಿಕೆ ಇದ್ದವರಿಗೆ ನನ್ನ ಅನುಭವ ಹೇಳುತ್ತೇನೆ. ನನಗೆ ಕೊಟ್ಟಿದ್ದು ಮಿಥೈಲ್‌ಫೆನಿಡೇಟ್. ಇದು ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು, ಹಾಗಾಗಿ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗೋದಿಲ್ಲ. ಡಾಕ್ಟರು ಎರಡು ಪ್ರತಿ ಚೀಟಿ ಬರೆದುಕೊಡಬೇಕು, ಅಂಗಡಿಯವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಮೊದಲ ದಿನ ಮಾತ್ರೆ ತಗೊಂಡು ಒಂದು ಗಂಟೆಗೆ ನನಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಪಾತ್ರೆ ತೊಳೆಯಬೇಕು ಅಂದುಕೊಂಡೆ, ಎದ್ದು ಹೋಗಿ ತೊಳೆದೆ. ಮುಗಿದ ಮೇಲೆ ಸಿಂಕಿನ ಮುಂದೆ ನಿಂತುಬಿಟ್ಟೆ. ಅಂದುಕೊಂಡಿದ್ದಕ್ಕೂ ಮಾಡಿದ್ದಕ್ಕೂ ನಡುವೆ ದಿನವೂ ಇರುತ್ತಿದ್ದ ಆ ಗೋಡೆ ಇರಲಿಲ್ಲ. ಬೇರೆಯವರಿಗೆ ದಿನಾ ಹೀಗೇ ಇರುತ್ತಾ ಅಂತ ಯೋಚಿಸಿ ಬಹಳ ಹೊತ್ತು ಅತ್ತುಬಿಟ್ಟೆ.

ಹಾಗಂತ ಮಾತ್ರೆ ಎಲ್ಲ ಮಾಡಿಕೊಡೋದಿಲ್ಲ. ನನ್ನದು ನಾಲ್ಕು ಗಂಟೆ ಕೆಲಸ ಮಾಡುವಂಥದ್ದು. ಹಸಿವು ಸತ್ತುಹೋಗುತ್ತೆ, ಬಾಯಿ ಒಣಗುತ್ತೆ, ಮಧ್ಯಾಹ್ನದ ಮೇಲೆ ತಗೊಂಡರೆ ರಾತ್ರಿ ನಿದ್ದೆ ಬರೋದಿಲ್ಲ. ಅದಕ್ಕೇ ಮೊದಲು ಹೊಟ್ಟೆ ತುಂಬ ತಿಂಡಿ, ಆಮೇಲೆ ಮಾತ್ರೆ. ಕಾಫಿ ಎರಡು ಲೋಟಕ್ಕೆ ಇಳಿಸಿದ್ದೇನೆ. ಆಗಾಗ ಬಿಪಿ, ನಾಡಿ ನೋಡಿಸಬೇಕು. ಇದು ಹೊಂದದವರಿಗೆ ಅಟೊಮೊಕ್ಸೆಟಿನ್ ಅಂತ ಬೇರೆ ಔಷಧಿ ಇದೆ, ಅದು ಪೂರ್ತಿ ಹಿಡಿಯಲು ಕೆಲವು ವಾರ ಬೇಕು. ಯಾವುದನ್ನೇ ಆದರೂ ಇನ್ನೊಬ್ಬರ ಚೀಟಿ ನೋಡಿ ತಗೊಳ್ಳಬೇಡಿ, ದಯವಿಟ್ಟು. ಎಲ್ಲಿಂದ ಶುರು ಮಾಡೋದು ಗೊತ್ತಿಲ್ಲದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಯಜಮಾನರ ಜೊತೆ ಇನ್ನೂ ಜಗಳ ಆಗುತ್ತೆ. ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೇ ಇರೋದಿಲ್ಲ ಅನ್ನೋದು ನಿಜವಾದ ನೋವು, ಕಾಯಿಲೆಗೆ ಹೆಸರು ಸಿಕ್ಕಿತು ಅಂತ ಅವರ ನೋವು ಕಮ್ಮಿ ಆಗೋದಿಲ್ಲ. ಈಗ ಮುಖ್ಯವಾದ ವಿಷಯ ಇದ್ದರೆ ಅವರು ಮೊದಲು ನನ್ನ ತೋಳು ಮುಟ್ಟುತ್ತಾರೆ, ನಾನು ಕೈಯಲ್ಲಿರೋದನ್ನು ಕೆಳಗಿಡುತ್ತೇನೆ, ಆಮೇಲೆ ಮಾತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಷ್ಟು ಸಣ್ಣ ವಿಷಯ ನಮಗೆ ಯಾಕೆ ಹೊಳೆದಿರಲಿಲ್ಲವೋ. ಮಗಳಿಗೆ ಎಲ್ಲ ಬಿಡಿಸಿ ಹೇಳಿದೆ, ಕ್ಷಮಿಸು ಅಂದೆ. ಅವಳು ಈಗ ಏಳನೇ ಕ್ಲಾಸು. ಒಂಬತ್ತನೇ ಕ್ಲಾಸಿಗೆ ಖಾಲಿ ಸೀಟು ಇದ್ದರೆ ನವೋದಯಕ್ಕೆ ಇನ್ನೊಂದು ಪರೀಕ್ಷೆ ಇರುತ್ತೆ ಅಂತ ಅವಳೇ ಹುಡುಕಿದ್ದಾಳೆ. ಅಟ್ಟದ ಮೇಲಿನ ಕಟ್ಟು ಕೆಳಗೆ ಬಂದಿದೆ. ಅರ್ಜಿ ಕರೆದ ದಿನವೇ ಇಬ್ಬರೂ ಒಟ್ಟಿಗೆ ಕೂತು ತುಂಬೋದು ಅಂತ ಮಾತಾಗಿದೆ.

ನಾಳೆ 20ನೇ ತಾರೀಖು. ಹದಿನೆಂಟು ಪಾರ್ಟಿಗಳ ರಿಟರ್ನ್ ಬಾಕಿ ಇದೆ, ಜೊತೆಗೆ ನನ್ನ ಮಾತ್ರೆಯ ಚೀಟಿಯೂ ನಾಳೆಯೇ, ಎರಡನ್ನೂ ಒಂದೇ ತಾರೀಖಿಗೆ ಕಟ್ಟಿಕೊಂಡಿದ್ದೇನೆ. ಈಗ ಅಡುಗೆಮನೆಗೆ ಹೋದಾಗ ನೋಡಿದೆ, ಅತ್ತೆ ಆಗಲೇ ಮೊರಕ್ಕೆ ಹೆಸರುಕಾಳು ಸುರಿದು ನನ್ನ ಕುರ್ಚಿ ಪಕ್ಕ ಇಟ್ಟಿದ್ದಾರೆ. ಆ ಕಾಳನ್ನು ಹೋದ ವಾರವೇ ಹಸನು ಮಾಡಿ ಡಬ್ಬಿಗೆ ತುಂಬಿದ್ದರು.